ಸಕ್ಕರೆ ಲ್ಯಾಬಿನಲ್ಲಿ ಕಂಡ ಹೆಸರು: ಅರ್ನ್ಸ್ಟ್ ಅಬ್ಬೆ

ಅಬ್ಬೆ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ನಮ್ಮ ಶಾಲೆಯ ಎರಡನೆಯ ತಂಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಎಸ್ಸಿ. ಮಾಡಿಕೊಂಡು, ಕೆಮಿಸ್ಟ್ ಆಗಿ ಕೆಲಸಕ್ಕೆ ಸೇರಿದ ದಿನ ಹಿರಿಯರೊಬ್ಬರು ಮೇಜಿನ ಮೇಲಿದ್ದ ಕಪ್ಪು ಉಪಕರಣವೊಂದನ್ನು ತೋರಿಸಿ, ಇದು ಅಬ್ಬೆ, ಇದನ್ನು ಜೋಪಾನವಾಗಿ ನೋಡಿಕೋ ಎಂದರು. ಹಳಗನ್ನಡ ಪಾಠ ಮಾಡುವಾಗ ಅಬ್ಬೆ ಎಂದರೆ ತಾಯಿ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿತ್ತು. ಲ್ಯಾಬಿನವರು ಪ್ರೀತಿಯಿಂದ ಇಟ್ಟ ಅಡ್ಡಹೆಸರು ಇರಬೇಕು ಎಂದುಕೊಂಡೆ. ಅದು ಜರ್ಮನಿಯ ಒಬ್ಬ ಮನುಷ್ಯನ ಮನೆತನದ ಹೆಸರು ಎಂದು ತಿಳಿಯಲು ಒಂದು ಹಂಗಾಮು ಹಿಡಿಯಿತು. ಅವರ ಭಾಷೆಯಲ್ಲಿ ಅದನ್ನು ಅಬೆ ಎಂದು ಹಗುರವಾಗಿ ಅನ್ನುತ್ತಾರೆ. ನಮ್ಮ ಲ್ಯಾಬುಗಳಲ್ಲಿ ಅಬ್ಬೆ ಎಂದೇ ರೂಢಿಯಾಗಿದೆ, ನಾನೂ ಹಾಗೆಯೇ ಬರೆಯುತ್ತೇನೆ.

ಆ ಉಪಕರಣದ ಪೂರ್ತಿ ಹೆಸರು ಅಬ್ಬೆ ರಿಫ್ರ್ಯಾಕ್ಟೋಮೀಟರ್. ಎರಡು ಗಾಜಿನ ಪಟ್ಟಕಗಳ ನಡುವೆ ಕಬ್ಬಿನ ರಸದ ಒಂದು ತೊಟ್ಟು ಹಾಕಿ ಮುಚ್ಚಬೇಕು. ಕಣ್ಣಿಟ್ಟು ನೋಡಿದರೆ ಅರ್ಧ ಬೆಳಕು, ಅರ್ಧ ಕತ್ತಲೆ. ತಿರುಪು ತಿರುಗಿಸಿ ಎರಡರ ಗಡಿಯನ್ನು ಅಡ್ಡಗೆರೆಗಳು ಕೂಡುವ ಜಾಗಕ್ಕೆ ತಂದು ಅಂಕಿ ಓದಿದರೆ, ರಸದಲ್ಲಿ ಕರಗಿರುವ ಅಂಶ ಎಷ್ಟೆಂದು ಲೆಕ್ಕ ಸಿಗುತ್ತದೆ. 31 ವರ್ಷ ಆ ಗಡಿಯನ್ನು ನೋಡುತ್ತಾ ನನ್ನ ಹೊಟ್ಟೆಪಾಡು ನಡೆಯಿತು. ಇಷ್ಟಾದರೂ ಆ ಮನುಷ್ಯ ಯಾರು, ಹೇಗೆ ಬದುಕಿದ ಎಂದು ಒಂದು ದಿನವೂ ವಿಚಾರಿಸಿರಲಿಲ್ಲ.

ವಿಚಾರಿಸುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಅವಳೂ ಇದೇ ಶಾಲೆಯವಳು, ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಾನು ನಿವೃತ್ತನಾದ ವರ್ಷ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಕತ್ತಲೆ ಕೋಣೆ, ಒಂದು ಪರದೆ, ಅದರ ಮೇಲೆ ಮಿಂಚುಹುಳುಗಳಂತೆ ಮಿನುಗಿ ಆರುವ ಚುಕ್ಕೆಗಳು. ಮಾವ, ಒಂದೊಂದು ಚುಕ್ಕೆಯೂ ಒಂದೊಂದು ಅಣು, ಅಬ್ಬೆ ಹಾಕಿದ ಗೆರೆಯನ್ನು ದಾಟಿ ನೋಡುತ್ತಿದ್ದೇವೆ ಎಂದಳು. ಯಾವ ಅಬ್ಬೆ, ನಮ್ಮ ಸಕ್ಕರೆ ಅಬ್ಬೆಯೇ ಎಂದು ಕೇಳಿದೆ. ಅವಳಿಗೆ ಸಕ್ಕರೆ ಅಬ್ಬೆ ಗೊತ್ತಿರಲಿಲ್ಲ, ನನಗೆ ಗೆರೆ ಗೊತ್ತಿರಲಿಲ್ಲ. ಇಬ್ಬರೂ ಹೇಳುತ್ತಿದ್ದುದು ಒಬ್ಬರ ವಿಷಯವನ್ನೇ. ಅಂದಿನಿಂದ ಅವಳು ತಂದುಕೊಟ್ಟ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆದುಕೊಡುತ್ತಿದ್ದೇನೆ.

ಅರ್ನ್ಸ್ಟ್ ಅಬ್ಬೆ ಹುಟ್ಟಿದ್ದು 1840ರ ಜನವರಿ 23ರಂದು, ಮಧ್ಯ ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ. ತಂದೆ ನೂಲಿನ ಗಿರಣಿಯಲ್ಲಿ ಕೆಲಸಗಾರ. ವ್ಯಾಪಾರ ಹೇಗಿದೆ ಎಂಬುದರ ಮೇಲೆ ದಿನಕ್ಕೆ 14, 15, ಕೆಲವೊಮ್ಮೆ 16 ಗಂಟೆ ಕೆಲಸ. ವ್ಯಾಪಾರ ಚೆನ್ನಾಗಿದ್ದ ದಿನಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಿಂತರೆ ರಾತ್ರಿ ಎಂಟಕ್ಕೆ ಬಿಡುವು. ನಡುವೆ ಊಟಕ್ಕೆಂದು ಬಿಡುವಿರಲಿಲ್ಲ. ಐದರಿಂದ ಒಂಬತ್ತು ವರ್ಷದವರೆಗೆ ಅರ್ನ್ಸ್ಟ್ ಅಥವಾ ಅವನ ತಂಗಿ ದಿನವೂ ಮಧ್ಯಾಹ್ನ ಅಪ್ಪನಿಗೆ ಊಟ ಒಯ್ಯುತ್ತಿದ್ದರು. ಅಪ್ಪ ಯಂತ್ರಕ್ಕೆ ಒರಗಿ ನಿಂತೋ, ಪೆಟ್ಟಿಗೆಯ ಮೇಲೆ ಕೂತೋ ಬೇಗ ಬೇಗ ಉಂಡು, ಖಾಲಿ ಪಾತ್ರೆಯನ್ನು ಮಗುವಿನ ಕೈಗೆ ಕೊಟ್ಟು ಮತ್ತೆ ಯಂತ್ರದ ಕಡೆ ತಿರುಗುತ್ತಿದ್ದರು. ಆಳು ಎತ್ತರ, ಗಟ್ಟಿಮುಟ್ಟು ಮನುಷ್ಯ. ಆದರೂ 48ನೇ ವಯಸ್ಸಿಗೆ ಮುದುಕರಂತೆ ಕಾಣುತ್ತಿದ್ದರು. ಅಷ್ಟು ಗಟ್ಟಿಯಿಲ್ಲದ ಜೊತೆಗಾರರು ಇನ್ನೂ ಹತ್ತು ವರ್ಷ ಮುಂಚೆಯೇ ಹಾಗಾಗಿರುತ್ತಿದ್ದರು. ಈ ಸಂಗತಿಯನ್ನು ಅಬ್ಬೆಯವರೇ ತಮ್ಮ ಅರವತ್ತರ ಹೊತ್ತಿಗೆ ಒಂದು ಸಭೆಯಲ್ಲಿ ಹೇಳಿಕೊಂಡರು. ಅಷ್ಟು ಹೊತ್ತಿಗೆ ಅವರು ಜಗತ್ಪ್ರಸಿದ್ಧರು, ಆದರೆ ಆ ಖಾಲಿ ಪಾತ್ರೆ ಅವರಿಗೆ ಮರೆತಿರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪ ಊರ ಪಕ್ಕದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಕೆಲಸ ಮಾಡುತ್ತಿದ್ದರು. ಕುದಿಯುವ ಪಾಕ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ. ನಾನು ಒಯ್ದ ರಾಗಿ ಮುದ್ದೆಯನ್ನು ನಿಂತೇ ನುಂಗಿ, ಅಲ್ಲೇ ಕೈ ತೊಳೆದು, ತಟ್ಟೆ ಹಿಂದಕ್ಕೆ ಕೊಡುತ್ತಿದ್ದರು. ಈ ಸಂಚಿಕೆ ಓದುವವರಲ್ಲಿ ಹೀಗೆ ಬುತ್ತಿ ಹೊತ್ತವರು ನಾನೊಬ್ಬನೇ ಇರಲಾರೆ.

ಹುಡುಗ ಓದಿನಲ್ಲಿ ಚುರುಕು. ಅದನ್ನು ಕಂಡು ಗಿರಣಿಯ ಮಾಲೀಕರೇ ಅವನ ಓದಿಗೆ ಸಹಾಯ ಮಾಡಿದರು. ಇಲ್ಲದಿದ್ದರೆ ಗಿರಣಿ ಕೆಲಸಗಾರನ ಮಗ ಆ ಕಾಲದಲ್ಲಿ ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೇ ಕಷ್ಟವಿತ್ತು. 1857ರಲ್ಲಿ ಶಾಲೆ ಮುಗಿಯಿತು. ಯೇನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಗಣಿತ, ಭೌತಶಾಸ್ತ್ರ. ಆಮೇಲೆ ಗಟಿಂಗೆನ್. ಅಲ್ಲಿ ವಿಲ್ಹೆಲ್ಮ್ ವೇಬರ್, ಬೆರ್ನ್‌ಹಾರ್ಡ್ ರೀಮನ್ ಅಂಥವರು ಗುರುಗಳು. 1861ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ ಡಾಕ್ಟರೇಟ್. ಮಾಲೀಕರ ಉಪಕಾರವನ್ನು ಅಬ್ಬೆ ಎಂದೂ ಅಲ್ಲಗಳೆಯಲಿಲ್ಲ. ಆದರೆ ಒಬ್ಬ ಹುಡುಗನ ಓದು ಒಬ್ಬ ಧಣಿಯ ಮನಸ್ಸಿನ ಮೇಲೆ ನಿಂತಿರುವುದು ಸರಿಯಲ್ಲ ಎಂಬ ವಿಚಾರ ಅವರಲ್ಲಿ ಬೇರೂರಿತ್ತು ಎಂದು ಅವರು ಮುಂದೆ ಮಾಡಿದ್ದನ್ನೆಲ್ಲ ನೋಡಿದರೆ ನನಗೆ ಅನ್ನಿಸುತ್ತದೆ. ನಾವು ಸರ್ಕಾರಿ ಶಾಲೆಯಲ್ಲಿ ಓದಿದವರು. ಯಾರ ಮನೆ ಬಾಗಿಲಲ್ಲೂ ನಿಲ್ಲದೆ ಓದಿದೆವು. ಅದರ ಬೆಲೆ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

1863ರಲ್ಲಿ ಯೇನಾದಲ್ಲಿ ಪಾಠ ಹೇಳುವ ಅರ್ಹತೆಗಾಗಿ ಅಬ್ಬೆ ಒಂದು ಪ್ರಬಂಧ ಬರೆದರು. ವಿಷಯ, ಅಳತೆಯಲ್ಲಿ ಆಗುವ ತಪ್ಪುಗಳು. ಒಂದೇ ವಸ್ತುವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಅಂಕಿ ಬರುವುದಿಲ್ಲ ಎಂಬುದು ಲ್ಯಾಬಿನಲ್ಲಿ ಕೂತವರಿಗೆಲ್ಲ ಗೊತ್ತು. ಆ ಏರುಪೇರು ಬರೀ ಕೈತಪ್ಪೋ ಅಥವಾ ಅದರ ಹಿಂದೆ ಬೇರೆ ಕಾರಣ ಇದೆಯೋ ಎಂದು ತೀರ್ಮಾನಿಸುವುದು ಹೇಗೆ? ತಪ್ಪುಗಳ ವರ್ಗಗಳನ್ನು ಕೂಡಿಸಿದರೆ ಆ ಮೊತ್ತ ಯಾವ ನಿಯಮದಂತೆ ಹರಡಿಕೊಳ್ಳುತ್ತದೆ ಎಂದು ಅಬ್ಬೆ ಲೆಕ್ಕ ಹಾಕಿ ತೋರಿಸಿದರು. ಇಂದು ಸಂಖ್ಯಾಶಾಸ್ತ್ರ ಓದುವ ಮಕ್ಕಳು ಕೈ-ವರ್ಗ ವಿತರಣೆ ಎಂದು ಕಲಿಯುವುದು ಇದನ್ನೇ. ಆಗ ಆ ಪ್ರಬಂಧವನ್ನು ಗಮನಿಸಿದವರು ಕಡಿಮೆ. ಬೇರೆಯವರು ಮತ್ತೆ ಅದನ್ನೇ ಕಂಡುಹಿಡಿದ ಮೇಲೆ ಅದು ಪ್ರಚಾರಕ್ಕೆ ಬಂತು. ಓದುಗರು ಈ ಪ್ರಬಂಧವನ್ನು ನೆನಪಿಟ್ಟುಕೊಳ್ಳಬೇಕು, ಕಡೆಯಲ್ಲಿ ಮತ್ತೆ ಬರುತ್ತದೆ.

ಅದೇ ಯೇನಾದಲ್ಲಿ ಕಾರ್ಲ್ ಜೈಸ್ ಎಂಬ ಕುಶಲಕರ್ಮಿ 1846ರಿಂದ ಒಂದು ಕಾರ್ಯಾಗಾರ ನಡೆಸುತ್ತಿದ್ದರು. ಸೂಕ್ಷ್ಮದರ್ಶಕ ಮಾಡುವುದರಲ್ಲಿ ಒಳ್ಳೆಯ ಹೆಸರು. ಮನಸ್ಸಿಗೆ ಒಪ್ಪದ ಸೂಕ್ಷ್ಮದರ್ಶಕವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆಯುತ್ತಿದ್ದರಂತೆ. 1866ರಲ್ಲಿ ಅವರ ಸಾವಿರದನೆಯ ಸೂಕ್ಷ್ಮದರ್ಶಕ ತಯಾರಾಯಿತು. ಆದರೆ ಜೈಸರಿಗೆ ಒಂದು ಕೊರಗಿತ್ತು. ಮಸೂರ ಮಾಡುವ ಕೆಲಸ ಆಗ ಪೂರ್ತಿ ಕೈಗುಣದ ಮೇಲೆ ನಿಂತಿತ್ತು. ಒಂದನ್ನು ಉಜ್ಜಿ ನೋಡುವುದು, ಇನ್ನೊಂದರ ಜೊತೆ ಕೂಡಿಸಿ ನೋಡುವುದು, ಸರಿಬರದಿದ್ದರೆ ಮತ್ತೆ ಉಜ್ಜುವುದು. ನಮ್ಮ ಆಲೆಮನೆಯಲ್ಲಿ ಪಾಕ ಬಂತೇ ಎಂದು ಬೆರಳಲ್ಲಿ ಹಿಡಿದು ನೋಡುವ ಹಾಗೆ. ಹಾಗೆ ಮಾಡಿದ ಬೆಲ್ಲವೂ ಚೆನ್ನಾಗಿರುತ್ತದೆ, ಆದರೆ ನಾಳೆಯದೂ ಇಂದಿನ ಹಾಗೇ ಇರುತ್ತದೆ ಎಂದು ಯಾರೂ ಬರೆದುಕೊಡಲಾರರು. ಲೆಕ್ಕ ಹಾಕಿ ಮಸೂರ ಮಾಡಲು ಸಾಧ್ಯವೇ ಎಂದು ಜೈಸ್ 1866ರಲ್ಲಿ ಅಬ್ಬೆಯವರನ್ನು ಕೇಳಿದರು. ಜೈಸರಿಗೆ ಆಗ ಐವತ್ತು ವರ್ಷ, ಅಬ್ಬೆಯವರಿಗೆ ಇಪ್ಪತ್ತಾರು.

ಮೊದಲ ಪ್ರಯತ್ನ ಸೋತಿತು. ನನಗೆ ಈ ಬದುಕಿನಲ್ಲಿ ಬಹಳ ಹಿಡಿಸಿದ ಭಾಗ ಇದೇ. ಮಸೂರದ ಅಂಚಿನಿಂದ ಬರುವ ಬೆಳಕು ಚಿತ್ರವನ್ನು ಕೆಡಿಸುತ್ತದೆ ಎಂಬ ಅಂದಿನ ತಿಳಿವಳಿಕೆಯಂತೆ, ಬಾಯಿ ಕಿರಿದಾದ ಮಸೂರಗಳನ್ನು ಅಬ್ಬೆ ಲೆಕ್ಕ ಹಾಕಿ ಮಾಡಿಸಿದರು. ಲೆಕ್ಕದಲ್ಲಿ ದೋಷವಿಲ್ಲ, ಉಜ್ಜಿದ್ದರಲ್ಲೂ ದೋಷವಿಲ್ಲ. ಆದರೆ ಸೂಕ್ಷ್ಮ ವಿವರಗಳ ವಿಷಯದಲ್ಲಿ ಅವು ಹಳೆಯ ಕೈಗುಣದ ಮಸೂರಗಳಿಗಿಂತ ಕಳಪೆಯಾಗಿ ತೋರಿಸಿದವು. ಖರ್ಚು ಆಗಿದೆ, ಕೆಲಸಗಾರರು ನೋಡುತ್ತಿದ್ದಾರೆ, ಓದಿದ ಪ್ರಾಧ್ಯಾಪಕ ಸೋತಿದ್ದಾನೆ. ಜೈಸ್ ಅವರನ್ನು ಬಿಟ್ಟುಬಿಡಲಿಲ್ಲ, ಅಬ್ಬೆಯೂ ಮನೆಗೆ ಹೋಗಲಿಲ್ಲ. ಸರಿಯಾದ ಲೆಕ್ಕದಿಂದ ತಪ್ಪು ಫಲ ಬಂದದ್ದು ಏಕೆ ಎಂದು ಹುಡುಕುತ್ತಾ ಕೂತರು.

ಅವರಿಗೆ ಸಿಕ್ಕ ಉತ್ತರವನ್ನು ನಮ್ಮ ಕೆರೆಯ ಉದಾಹರಣೆಯಿಂದ ಹೇಳುತ್ತೇನೆ. ಗಾಳಿ ಬೀಸಿ ನೀರಿನಲ್ಲಿ ಅಲೆ ಎದ್ದಿದೆ. ದಡದ ಹತ್ತಿರ ಒಂದು ದಪ್ಪ ಕಂಬ ಇದ್ದರೆ ಅಲೆ ಅದಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅಲೆಯನ್ನು ನೋಡಿಯೇ ಅಲ್ಲೊಂದು ಕಂಬವಿದೆ ಎನ್ನಬಹುದು. ಅದೇ ಜಾಗದಲ್ಲಿ ಒಂದು ಜೊಂಡಿನ ಕಡ್ಡಿ ಇದ್ದರೆ ಅಲೆ ಅದು ಇಲ್ಲವೇ ಇಲ್ಲ ಎಂಬಂತೆ ಸಾಗಿಬಿಡುತ್ತದೆ. ಬೆಳಕೂ ಅಲೆ. ವಸ್ತುವಿನ ಮೇಲಿನ ಗೆರೆಗಳಿಗೆ ತಾಗಿದ ಬೆಳಕು ನೇರವಾಗಿ ಹೋಗದೆ ಅಕ್ಕಪಕ್ಕಕ್ಕೂ ಚೆದರುತ್ತದೆ. ಗೆರೆಗಳು ಹತ್ತಿರ ಹತ್ತಿರವಾದಷ್ಟೂ ಚೆದರುವ ಕೋನ ದೊಡ್ಡದು. ಗೆರೆಗಳ ಸುದ್ದಿ ಇರುವುದು ಆ ಚೆದರಿದ ಬೆಳಕಿನಲ್ಲಿ. ಮಸೂರದ ಬಾಯಿ ಕಿರಿದಾಗಿದ್ದರೆ ಅದು ಒಳಗೆ ಬರುವುದೇ ಇಲ್ಲ, ನೇರ ಬೆಳಕು ಮಾತ್ರ ಬರುತ್ತದೆ. ಆಗ ಕಾಣುವುದು ಬರೀ ಬೆಳ್ಳಗಿನ ಬಯಲು. ಕೆಡಿಸುತ್ತದೆ ಎಂದು ಹೊರಗಿಟ್ಟ ಅಂಚಿನ ಬೆಳಕೇ ಚಿತ್ರವನ್ನು ಕಟ್ಟುವ ಬೆಳಕಾಗಿತ್ತು.

ಇದನ್ನು ಅವರು ಬಾಯಲ್ಲಿ ಹೇಳಿ ಬಿಡಲಿಲ್ಲ. ಗಾಜಿನ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮಸೂರದ ಹಿಂದೆ ಚೆದರಿದ ಬೆಳಕು ಒಂದು ಸಾಲು ಚುಕ್ಕೆಗಳಾಗಿ ಕಾಣುತ್ತದೆ. ಆ ಚುಕ್ಕೆಗಳನ್ನು ಒಂದು ಬಿಟ್ಟು ಒಂದು ಮುಚ್ಚಿದರೆ ಮೇಲೆ ಕಾಣುವ ಗೆರೆಗಳ ಸಂಖ್ಯೆ ಇದ್ದಕ್ಕೆ ಇದ್ದ ಹಾಗೆ ಎರಡರಷ್ಟಾಗುತ್ತದೆ! ಗಾಜಿನ ಮೇಲೆ ಗೆರೆ ಎಷ್ಟಿವೆಯೋ ಅಷ್ಟೇ ಇವೆ, ನೋಡುವವನ ಕಣ್ಣಿಗೆ ಇಮ್ಮಡಿ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೆಲ್ಲ ಇದ್ದ ಹಾಗೇ ಇದೆ ಎಂದು ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು.

1873ರಲ್ಲಿ ಈ ಸಿದ್ಧಾಂತ ಪ್ರಕಟವಾಯಿತು. ಅದರಿಂದ ಹೊರಟ ನಿಯಮ ಇಷ್ಟು: ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ವಿವರಗಳನ್ನು, ಮಸೂರ ಎಷ್ಟೇ ಚೆನ್ನಾಗಿದ್ದರೂ, ಬೇರೆಬೇರೆಯಾಗಿ ನೋಡಲಾಗದು. ಹಸಿರು ಬೆಳಕಿನಲ್ಲಿ ಅದು ಸುಮಾರು 200 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು 5,000 ಭಾಗ ಮಾಡಿದರೆ ಒಂದು ಭಾಗ. ತಲೆಗೂದಲಿನ ದಪ್ಪದಲ್ಲಿ ಅಂಥವು ಮುನ್ನೂರಕ್ಕಿಂತ ಹೆಚ್ಚು ಹಿಡಿಸುತ್ತವೆ. ಅದಕ್ಕಿಂತ ಕೆಳಗೆ ಕತ್ತಲೆಯಲ್ಲ, ಮಬ್ಬು. ನನ್ನ ಸೋದರಸೊಸೆ ಹೇಳಿದ ಗೆರೆ ಇದೇ. ಹೆಲ್ಮ್‌ಹೋಲ್ಟ್ಸ್ ಎಂಬ ಮಹಾ ವಿಜ್ಞಾನಿಯೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು. ಮುಂದೆ ಅವರು ಬರ್ಲಿನ್ನಿಗೆ ಕರೆದರೂ ಅಬ್ಬೆ ಯೇನಾ ಬಿಟ್ಟು ಹೋಗಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಭರದಿಂದ ಸಾಗಿತು. ಬಾಯಿ ಅಗಲವಾದ ಮಸೂರಗಳು ಲೆಕ್ಕದ ಪ್ರಕಾರವೇ ತಯಾರಾದವು. 1878ರ ಹೊತ್ತಿಗೆ ಮಸೂರಕ್ಕೂ ಗಾಜಿಗೂ ನಡುವೆ ಎಣ್ಣೆಯ ತೊಟ್ಟು ಹಾಕಿ ನೋಡುವ ಮಸೂರ ಬಂತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಲ್ಯಾಬುಗಳಲ್ಲಿ ಕಫ ಪರೀಕ್ಷೆ ಮಾಡುವಾಗ ಎಣ್ಣೆ ತೊಟ್ಟಿಕ್ಕಿಸುವುದನ್ನು ನೀವು ನೋಡಿರಬಹುದು. ಅದರ ಮೂಲ ಅಲ್ಲಿದೆ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು ಜೈಸ್ ಕಾರ್ಯಾಗಾರದ ಎಣ್ಣೆ ಮಸೂರ ಮತ್ತು ಅಬ್ಬೆಯವರ ಕಂಡೆನ್ಸರ್ ಇಟ್ಟುಕೊಂಡೇ. ಒಳ್ಳೆಯ ಗಾಜು ಸಿಗದೆ ಮುಂದಿನ ದಾರಿ ಕಟ್ಟಿದಂತಾದಾಗ ಆಟೋ ಶಾಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ತಾನು ಕರಗಿಸಿದ ಹೊಸ ಬಗೆಯ ಗಾಜಿನ ಮಾದರಿ ಕಳಿಸಿದ. ಅಬ್ಬೆ ಅವನನ್ನು ಯೇನಾಕ್ಕೆ ಕರೆಸಿಕೊಂಡು 1884ರಲ್ಲಿ ಗಾಜಿನ ಕಾರ್ಖಾನೆಯನ್ನೇ ಹಾಕಿದರು. 1886ರಲ್ಲಿ ಬಣ್ಣದ ದೋಷ ಬಹುಮಟ್ಟಿಗೆ ನೀಗಿದ ಮಸೂರಗಳು ಬಂದವು, ಹತ್ತು ಸಾವಿರದನೆಯ ಸೂಕ್ಷ್ಮದರ್ಶಕವೂ ಅದೇ ವರ್ಷ. ನಮ್ಮ ಸಕ್ಕರೆ ಲ್ಯಾಬಿನ ಉಪಕರಣ ಇವೆಲ್ಲಕ್ಕಿಂತ ಮುಂಚಿನದು, ಗಾಜಿನ ಗುಣ ಅಳೆಯುವ ಕೆಲಸದಲ್ಲಿ ಹುಟ್ಟಿದ್ದು.

ಇಷ್ಟು ಹೊತ್ತಿಗೆ ಅಬ್ಬೆ ಪಾಲುದಾರರಾಗಿ, ಶ್ರೀಮಂತರಾಗಿದ್ದರು. ಎಲ್ಸೆ ಸ್ನೆಲ್ ಎಂಬ ಪ್ರಾಧ್ಯಾಪಕರ ಮಗಳನ್ನು ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಿದ್ದರು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯಬೇಕು. ಬಡವರ ಮಗ ಓದಿದ, ಗೆದ್ದ, ಬಂಗಲೆ ಕಟ್ಟಿಸಿದ. 1888ರಲ್ಲಿ ಕಾರ್ಲ್ ಜೈಸ್ ತೀರಿಕೊಂಡರು. ಮರುವರ್ಷ ಅಬ್ಬೆ ಒಂದು ಪ್ರತಿಷ್ಠಾನ ಸ್ಥಾಪಿಸಿ ಅದಕ್ಕೆ ತಮ್ಮ ಹೆಸರಿಡದೆ ಕಾರ್ಲ್ ಜೈಸ್ ಪ್ರತಿಷ್ಠಾನ ಎಂದು ಹೆಸರಿಟ್ಟರು. 1891ರಲ್ಲಿ ಕಾರ್ಖಾನೆಯಲ್ಲಿದ್ದ ತಮ್ಮ ಪಾಲನ್ನು ಅದಕ್ಕೆ ಬರೆದುಕೊಟ್ಟರು. ಜೈಸರ ಮಗ ರೋಡೆರಿಖ್ ಕೂಡ ಪರಿಹಾರ ಪಡೆದು ಪಾಲು ಬಿಟ್ಟುಕೊಟ್ಟರು. ಆಮೇಲೆ ಅಬ್ಬೆ ಆ ಸಂಸ್ಥೆಯಲ್ಲಿ ಮಾಲೀಕರಲ್ಲ, ಸಂಬಳ ತೆಗೆದುಕೊಳ್ಳುವ ವ್ಯವಸ್ಥಾಪಕರಲ್ಲಿ ಒಬ್ಬರು. ಈ ಲಾಭ ತನ್ನ ಒಬ್ಬನ ಬುದ್ಧಿಯಿಂದ ಬಂದದ್ದಲ್ಲ, ವಿಶ್ವವಿದ್ಯಾಲಯದ ವಿದ್ಯೆ ಮತ್ತು ನೂರಾರು ಕೆಲಸಗಾರರ ಕೈ ಸೇರಿ ಬಂದದ್ದು ಎಂಬುದು ಅವರ ಲೆಕ್ಕ.

1896ರಲ್ಲಿ ಪ್ರತಿಷ್ಠಾನದ ನಿಯಮಾವಳಿ ಜಾರಿಗೆ ಬಂತು. ಅದರಲ್ಲಿ ಏನೇನಿದೆ ಎಂದು ಓದಿದಾಗ ನಾನು ಇಸವಿಯನ್ನು ಎರಡು ಸಲ ನೋಡಿಕೊಂಡೆ. ಕೆಲಸಕ್ಕೆ ತೆಗೆದುಕೊಳ್ಳುವಾಗ, ಬಡ್ತಿ ಕೊಡುವಾಗ ಹುಟ್ಟು, ಧರ್ಮ, ರಾಜಕೀಯ ಪಕ್ಷ ನೋಡಬಾರದು. ಸಂಬಳಸಹಿತ ರಜೆ, ಪಿಂಚಣಿ, ಲಾಭದಲ್ಲಿ ಪಾಲು. ಕೆಲಸದಿಂದ ತೆಗೆದರೆ ಪರಿಹಾರ. ಅತಿ ದೊಡ್ಡ ಅಧಿಕಾರಿಯ ಸಂಬಳವೂ ಸಾಮಾನ್ಯ ಕೆಲಸಗಾರನ ಸರಾಸರಿ ಗಳಿಕೆಯ ಹತ್ತರಷ್ಟನ್ನು ಮೀರಬಾರದು. ಈ ಕಡೆಯ ಕಟ್ಟು ಅಬ್ಬೆಯವರಿಗೂ ಅನ್ವಯಿಸುತ್ತಿತ್ತು. ಇವೆಲ್ಲ ಧಣಿಯ ದಯೆಯಲ್ಲ, ಬರೆದಿಟ್ಟ ಹಕ್ಕು. ಕೆಲಸಗಾರ ಕೋರ್ಟಿಗೆ ಹೋಗಿ ಕೇಳಬಹುದಾದ ಹಕ್ಕು.

ಇನ್ನು ದುಡಿಮೆಯ ಹೊತ್ತು. ಜೈಸ್ ಕಾರ್ಖಾನೆಯಲ್ಲಿ ಆಗ ದಿನಕ್ಕೆ ಒಂಬತ್ತು ಗಂಟೆ ಕೆಲಸ. ಎಂಟಕ್ಕೆ ಇಳಿಸಿದರೆ ಉತ್ಪಾದನೆ ಬೀಳುತ್ತದೆ ಎಂದು ಎಲ್ಲರ ಎಣಿಕೆ. ಅಬ್ಬೆ ಮೊದಲು ಕೆಲಸಗಾರರ ಮತ ಕೇಳಿದರು, ಎಂಟು ಗಂಟೆಯಲ್ಲಿ ಅಷ್ಟೇ ಕೆಲಸ ಮಾಡಬಲ್ಲಿರಾ ಎಂದು. ಬಹುಮತ ಬಂತು. 1900ರ ಏಪ್ರಿಲ್‌ನಿಂದ ಎಂಟು ಗಂಟೆ ಜಾರಿಯಾಯಿತು. ಇಲ್ಲಿಗೂ ಅವರು ನಿಲ್ಲಲಿಲ್ಲ. ತುಂಡು ಕೆಲಸದ ಮೇಲೆ ಕೂಲಿ ಪಡೆಯುವ 233 ಮಂದಿಯ ಹಿಂದಿನ ವರ್ಷದ ಲೆಕ್ಕವನ್ನೂ ಹೊಸ ವರ್ಷದ ಲೆಕ್ಕವನ್ನೂ ಎದುರು ಬದುರು ಇಟ್ಟು ನೋಡಿದರು. ಒಂಬತ್ತು ಗಂಟೆಯ ಕೆಲಸ ಎಂಟರಲ್ಲಿ ಆಗಬೇಕಾದರೆ ಗಂಟೆಗೆ ಶೇಕಡಾ 12.5ರಷ್ಟು ಹೆಚ್ಚು ಕೆಲಸ ಆಗಬೇಕು. ಆಗಿದ್ದು ಸುಮಾರು ಶೇಕಡಾ 16. ದಿನದ ಒಟ್ಟು ಕೆಲಸ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚೇ ಆಯಿತು. ದಣಿವು ದಿನದ ಕೊನೆಗೆ ತೀರದಿದ್ದರೆ ಅದು ಮರುದಿನಕ್ಕೆ ಬಾಕಿಯಾಗಿ ಸೇರುತ್ತಾ ಹೋಗುತ್ತದೆ, ಆ ಬಾಕಿ ತೀರಿಸಲು ದೇಹವೇ ಬೇಕಾಗುತ್ತದೆ ಎಂಬುದು ಅವರ ವಿವರಣೆ. ಅಪ್ಪನ ಊಟದ ಕಥೆಯನ್ನು ಅವರು ಹೇಳಿದ್ದು ಈ ಅಂಕಿಗಳನ್ನು ಜನರ ಮುಂದೆ ಇಟ್ಟ ಭಾಷಣದಲ್ಲೇ.

ಇಲ್ಲಿ ನನ್ನದೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಶಿಫ್ಟ್ ಇನ್‌ಚಾರ್ಜ್ ಆಗಿದ್ದ ಕಾಲದಲ್ಲಿ, ಕಬ್ಬು ನುರಿಸುವ ಹಂಗಾಮಿನಲ್ಲಿ ಗುತ್ತಿಗೆಯ ಆಳುಗಳು ಹನ್ನೆರಡು ಗಂಟೆ ದುಡಿಯುತ್ತಿದ್ದರು. ರಿಜಿಸ್ಟರಿನಲ್ಲಿ ಎಂಟು ಎಂದು ಬರೆದಿರುತ್ತಿತ್ತು. ಕೆಳಗೆ ಸಹಿ ಮಾಡುತ್ತಿದ್ದವನು ನಾನು. ಯಾವ ಕಾರ್ಖಾನೆ, ಯಾರು ಹೇಳಿ ಬರೆಸಿದರು ಎಂಬುದು ಇಲ್ಲಿ ಬೇಡ. ಪೆನ್ನು ನನ್ನ ಕೈಯಲ್ಲಿತ್ತು. ಹೆಂಡತಿ ಮಕ್ಕಳು, ಸಾಲ, ಕೆಲಸ ಹೋದರೆ ಏನು ಗತಿ ಎಂಬ ಭಯ ಎಲ್ಲವೂ ನಿಜ. ಆದರೆ ಅದೇ ಕೋಣೆಯಲ್ಲಿ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ, ಅಬ್ಬೆ ಎಂಬ ಹೆಸರಿನ ಉಪಕರಣ ಇತ್ತು. ರಸದ ತೊಟ್ಟಿನಲ್ಲಿ ಕಾಲು ಅಂಶ ತಪ್ಪಿದರೂ ಮತ್ತೆ ಅಳೆಯುತ್ತಿದ್ದ ನಾನು, ಮನುಷ್ಯರ ನಾಲ್ಕು ಗಂಟೆ ಬಿಟ್ಟು ಬರೆಯುತ್ತಿದ್ದೆ. ಆ ಆಳುಗಳಲ್ಲಿ ಕೆಲವರ ಮಕ್ಕಳು ಇದೇ ಶಾಲೆಯಲ್ಲಿ ಓದಿದ್ದಾರೆ. ಅವರು ಇದನ್ನು ಓದಲಿ ಎಂದೇ ಬರೆದಿದ್ದೇನೆ.

ಅಬ್ಬೆಯವರ ಬಗ್ಗೆ ಬರೆಯುವವರು ಅವರನ್ನು ದೇವರು ಮಾಡಿಬಿಡುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಅವರು ಲೆಕ್ಕದ ಮನುಷ್ಯ. ಎಂಟು ಗಂಟೆ ಸರಿ ಎಂದು ಕಣ್ಣೀರಿನಿಂದ ವಾದಿಸದೆ ಅಂಕಿಗಳಿಂದ ವಾದಿಸಿದರು. ಉತ್ಪಾದನೆ ಬಿದ್ದಿದ್ದರೆ ಏನು ಮಾಡುತ್ತಿದ್ದರು ಎಂದು ನನ್ನ ಸೋದರಸೊಸೆ ಕೇಳಿದಳು. ಒಳ್ಳೆಯ ಪ್ರಶ್ನೆ. ಮತ ಕೇಳಿದಾಗ ಕೆಲಸಗಾರರ ಮಾತನ್ನು ನಂಬಿ ಮುಂದೆ ಹೆಜ್ಜೆ ಇಟ್ಟದ್ದನ್ನು ನೋಡಿದರೆ, ಅವರಿಗೆ ಅಂಕಿಗಿಂತ ಮೊದಲೇ ಮನಸ್ಸು ತೀರ್ಮಾನವಾಗಿತ್ತು ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ.

ಯೇನಾದ ಜನರಿಗೆ ಸಾರ್ವಜನಿಕ ವಾಚನಾಲಯ ಮಾಡಿಸಿಕೊಟ್ಟರು. ಯಾವ ಪಕ್ಷದವರಾದರೂ ಸಭೆ ನಡೆಸಬಹುದಾದ ಜನತಾ ಭವನ 1903ರಲ್ಲಿ ತೆರೆಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಅಬ್ಬೆ ಕೆಲಸ ಬಿಟ್ಟರು. 1905ರ ಜನವರಿ 14ರಂದು, ಅರವತ್ತೈದು ತುಂಬಲು ಒಂಬತ್ತು ದಿನ ಇರುವಾಗ ತೀರಿಕೊಂಡರು. ಅವರ ನಿಯಮವನ್ನು ಯೇನಾದಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ.

ಕಲ್ಲಿನಲ್ಲಿ ಕೆತ್ತಿದ ಗೆರೆಯನ್ನು ನನ್ನ ಸೋದರಸೊಸೆಯಂಥವರು ದಾಟಿದ್ದು ಹೇಗೆ? ನಿಯಮ ಸುಳ್ಳಾಗಿಲ್ಲ. ಮಂಜು ಕವಿದ ರಾತ್ರಿ ದೂರದಲ್ಲಿ ಒಂದು ದೀಪ ಉರಿಯುತ್ತಿದ್ದರೆ ಅದು ದೊಡ್ಡ ಬೆಳಕಿನ ಉಂಡೆಯಾಗಿ ಕಾಣುತ್ತದೆ. ಆದರೂ ದೀಪ ಇರುವುದು ಉಂಡೆಯ ನಟ್ಟನಡುವೆ ಎಂದು ನಮಗೆ ಗೊತ್ತು. ಜಾತ್ರೆಯ ನೂರು ದೀಪ ಒಟ್ಟಿಗೆ ಉರಿದರೆ ಒಂದೇ ಮಬ್ಬು. ಅವನ್ನೇ ಒಂದೊಂದಾಗಿ ಹಚ್ಚಿ ಆರಿಸಿ, ಒಂದೊಂದರ ನಡುವನ್ನು ಗುರುತು ಹಾಕಿಕೊಳ್ಳುತ್ತಾ ಹೋದರೆ? ಕೊನೆಗೆ ಜಾತ್ರೆಯ ನಕ್ಷೆಯೇ ಕೈಗೆ ಬರುತ್ತದೆ. ಅಣುಗಳನ್ನು ಹಾಗೆ ಮಿನುಗಿಸಿ ಎಣಿಸುವ ವಿಧಾನ 2006ರಲ್ಲಿ ಕೈಗೂಡಿತು. ಒಂದು ಅಣುವಿನಿಂದ ಬಂದ ಬೆಳಕಿನ ಕಣಗಳು ನೂರಾದರೆ ನಡುವಿನ ಗುರುತು ಹತ್ತರಷ್ಟು ನಿಖರ, ಹತ್ತು ಸಾವಿರವಾದರೆ ನೂರರಷ್ಟು. 200 ನ್ಯಾನೋಮೀಟರಿನ ಮಬ್ಬಿನೊಳಗೆ ಹತ್ತಿಪ್ಪತ್ತು ನ್ಯಾನೋಮೀಟರಿನ ಗುರುತು ಹೀಗೆ ಸಿಗುತ್ತದೆ. ಆಳ ತಿಳಿಯಲು ಒಂದು ಉರುಳೆಯಾಕಾರದ ಮಸೂರ ಸೇರಿಸುತ್ತಾರೆ. ಅಣು ಮೇಲಿದ್ದರೆ ಚುಕ್ಕೆ ಅಡ್ಡಕ್ಕೆ ಉದ್ದವಾಗುತ್ತದೆ, ಕೆಳಗಿದ್ದರೆ ಲಂಬಕ್ಕೆ. 2014ರಲ್ಲಿ ಬೆಟ್ಸಿಗ್, ಹೆಲ್, ಮೋರ್ನರ್ ಎಂಬ ಮೂವರಿಗೆ ಗೆರೆ ದಾಟಿದ್ದಕ್ಕೆ ನೊಬೆಲ್ ಬಂತು. ಹೆಲ್ ಅವರ ವಿಧಾನವೇ ಬೇರೆ, ಅದನ್ನು ಹೇಳಹೊರಟರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಮುಂದೊಂದು ದಿನ ಬರುವ ಸಾಧನ ನಮ್ಮ ಸೂಕ್ಷ್ಮದರ್ಶಕದ ಹೆಸರನ್ನಷ್ಟೇ ಹಂಚಿಕೊಂಡಿರಬಹುದು ಎಂದು ಅಬ್ಬೆಯವರೇ ಬಾಗಿಲು ತೆರೆದಿಟ್ಟು ಹೋಗಿದ್ದರು ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಸೋದರಸೊಸೆಯ ತಲೆನೋವು ಇರುವುದು ಜನಜಂಗುಳಿಯಲ್ಲಿ. ಒಂದು ಸಲಕ್ಕೆ ಕೆಲವೇ ಅಣು ಮಿನುಗಿದರೆ ಲೆಕ್ಕ ಸುಲಭ, ಆದರೆ ಸಾವಿರಾರು ಚಿತ್ರ ಬೇಕು. ಅಷ್ಟರಲ್ಲಿ ಜೀವಕೋಶದ ಒಳಗಿನದು ಕದಲಿಬಿಡುತ್ತದೆ. ಬೇಗ ಮುಗಿಸಲು ಹೆಚ್ಚು ಅಣು ಮಿನುಗಿಸಿದರೆ ಚುಕ್ಕೆಯ ಮೇಲೆ ಚುಕ್ಕೆ ಬೀಳುತ್ತದೆ. ಅಡ್ಡಕ್ಕೆ ಉದ್ದವಾಗಿ ಕಾಣುವ ಈ ಚುಕ್ಕೆ ಮೇಲಿರುವ ಒಂದು ಅಣುವೋ, ಅಕ್ಕಪಕ್ಕ ಇರುವ ಎರಡೋ? ನಕ್ಷತ್ರಗಳು ಕಿಕ್ಕಿರಿದ ಆಕಾಶದ ಚಿತ್ರಗಳಿಗೆಂದು ಖಗೋಳಜ್ಞರು ಮಾಡಿಕೊಂಡಿದ್ದ ವಿಧಾನವನ್ನು ಇಲ್ಲಿ ಎರವಲು ತಂದಿದ್ದಾರೆ. ಈಗ ಕಂಪ್ಯೂಟರಿಗೇ ಕಲಿಸಿ ಬಿಡಿಸುವವರೂ ಇದ್ದಾರೆ. ಒಂದು ಎಂದು ಊಹಿಸಿ ಲೆಕ್ಕ ಹಾಕು, ಎರಡು ಎಂದು ಊಹಿಸಿ ಹಾಕು, ಉಳಿದ ತಪ್ಪು ಬರೀ ಆಕಸ್ಮಿಕವೋ ಅಲ್ಲವೋ ನೋಡು. ಆ ತೀರ್ಪು ಹೇಳಲು ಬಳಸುವ ಅಳತೆಗೋಲುಗಳಲ್ಲಿ ಒಂದು ಕೈ-ವರ್ಗ ವಿತರಣೆ, ಇಪ್ಪತ್ತಮೂರು ವರ್ಷದ ಅಬ್ಬೆ 1863ರ ಪ್ರಬಂಧದಲ್ಲಿ ಬರೆದದ್ದು. ಇದನ್ನು ಅವಳಿಗೆ ತೋರಿಸಿದವನು ನಾನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಗೆರೆ ಹಾಕುವ ಹತ್ತು ವರ್ಷ ಮೊದಲೇ ದಾಟುವ ಏಣಿಯ ಒಂದು ಮೆಟ್ಟಿಲು ಮಾಡಿಟ್ಟಿದ್ದರು ಎಂದು ನಕ್ಕಳು.

ಈ ಮಹೋತ್ಸವದ ಸಂದರ್ಭದಲ್ಲಿ ಒಂದು ಹಳೆಯ ಅಬ್ಬೆ ರಿಫ್ರ್ಯಾಕ್ಟೋಮೀಟರನ್ನು ಕೊಂಡು, ಪಟ್ಟಕ ಒರೆಸಿ, ತಿರುಪು ಸರಿಪಡಿಸಿ ಶಾಲೆಯ ವಿಜ್ಞಾನ ಕೊಠಡಿಗೆ ಕೊಟ್ಟಿದ್ದೇನೆ. ಬೀಗದ ಕೈ ವಿಜ್ಞಾನ ಮೇಷ್ಟ್ರ ಹತ್ತಿರ ಇದೆ. ಕಬ್ಬು ಕಡಿಯುವ ಮುಂಚೆ ರಸ ಹೇಗಿದೆ ನೋಡಬೇಕೆನ್ನುವ ರೈತರು ಶನಿವಾರ ಮಧ್ಯಾಹ್ನ ಒಂದು ಸಣ್ಣ ಬಾಟಲಿಯಲ್ಲಿ ಸೋಸಿದ ರಸ ತರಬಹುದು. ಮಕ್ಕಳೇ ಅಳೆದು ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ.